ಟ್ರಿಯೆಸ್ಟ್‌ನ ಪೆಟ್ರೋಲು ಇಂಧನವಲ್ಲ, ದಯವಿಟ್ಟು

ಪ್ರಶ್ನೆ: 1960ರ ಜನವರಿ 23ರಂದು ಝಾಕ್ ಪಿಕಾರ್ ಮತ್ತು ಡಾನ್ ವಾಲ್ಶ್ ಟ್ರಿಯೆಸ್ಟ್ ಎಂಬ ಆಳಸಮುದ್ರ ನೌಕೆಯಲ್ಲಿ ಚಾಲೆಂಜರ್ ಡೀಪ್‌ನ (ಸಮುದ್ರದ ಅತಿ ಆಳದ ಜಾಗ, ಸುಮಾರು 10,900 ಮೀಟರ್) ತಳ ಮುಟ್ಟಿದರು. ಅದರಲ್ಲಿ 85 ಸಾವಿರ ಲೀಟರ್ ಪೆಟ್ರೋಲ್ ಇತ್ತಂತೆ. ಅಷ್ಟು ಪೆಟ್ರೋಲ್ ಕುಡಿಯುವ ಇಂಜಿನ್ ಯಾವುದು?

ಉತ್ತರ: ಮತ್ತೆ ಅದೇ ಪ್ರಶ್ನೆ. ಅದರಲ್ಲಿ ಒಂದು ಹನಿಯೂ ಉರಿಯಲಿಲ್ಲ. ಪೆಟ್ರೋಲ್ ಇದ್ದದ್ದು ತೇಲಿಸಲು.

ಇಬ್ಬರು ಕುಳಿತಿದ್ದ ಉಕ್ಕಿನ ಗೋಳದ ತೂಕ 13 ಟನ್, ಗೋಡೆ 12.7 ಸೆಂ.ಮೀ. ದಪ್ಪ. ನೀರಿನೊಳಗೂ ಅದು ಸುಮಾರು 8 ಟನ್ ತೂಗುತ್ತದೆ. ಬಿಟ್ಟರೆ ನೇರ ತಳಕ್ಕೆ. ಮೇಲೆತ್ತಲು ಹಗುರವಾದದ್ದೇನಾದರೂ ಬೇಕು. ಗಾಳಿ ಆಗದು: ಹತ್ತು ಮೀಟರ್ ಇಳಿದರೆ ಸಾಕು, ಅದರ ಗಾತ್ರ ಅರ್ಧವಾಗುತ್ತದೆ. ಗಾಳಿಯನ್ನು ಗಟ್ಟಿ ತೊಟ್ಟಿಯಲ್ಲಿ ಮುಚ್ಚಿಡೋಣವೆಂದರೆ ಆ ತೊಟ್ಟಿಯ ಗೋಡೆಯೂ ಗೋಳದಷ್ಟೇ ದಪ್ಪವಾಗಬೇಕು, ಆಗ ಅದೂ ಮುಳುಗುತ್ತದೆ. ಪೆಟ್ರೋಲ್ ದ್ರವ, ಗಾಳಿಯಂತೆ ಕುಗ್ಗುವುದಿಲ್ಲ. ಸಮುದ್ರದ ನೀರಿಗಿಂತ ಪ್ರತಿ ಘನ ಮೀಟರಿಗೆ 300 ಕೆ.ಜಿ.ಯಷ್ಟು ಹಗುರ. 85 ಘನ ಮೀಟರಿಗೆ ಲೆಕ್ಕ ಹಾಕಿ, 25 ಟನ್ ದಾಟುತ್ತದೆ. ಆ ಬಲ ಗೋಳವನ್ನೂ ತೊಟ್ಟಿಯ ತಗಡನ್ನೂ 9 ಟನ್ ಕಬ್ಬಿಣದ ಗುಂಡುಗಳನ್ನೂ ಹೊರಬೇಕು.

ತಗಡು ಎಂದದ್ದು ಬೇಕೆಂದೇ. ಪೆಟ್ರೋಲ್ ತೊಟ್ಟಿ ತೆಳು, ಅದರ ತಳ ಸಮುದ್ರಕ್ಕೆ ತೆರೆದಿರುತ್ತದೆ. ಒಳಗೂ ಹೊರಗೂ ಒಂದೇ ಒತ್ತಡವಿದ್ದರೆ ತೊಟ್ಟಿ ಯಾಕೆ ಚಪ್ಪಟೆಯಾಗಬೇಕು? ಆದರೆ ಪೆಟ್ರೋಲ್ ನೀರಿಗಿಂತ ಹೆಚ್ಚು ಕುಗ್ಗುತ್ತದೆ, ಆಳದ ಚಳಿಗೆ ಇನ್ನಷ್ಟು. ಕುಗ್ಗಿದ ಜಾಗಕ್ಕೆ ಕೆಳಗಿನಿಂದ ನೀರು ನುಗ್ಗುತ್ತದೆ, ತೇಲುವ ಬಲ ಇಳಿಯುತ್ತದೆ, ಇಳಿದಷ್ಟೂ ವೇಗ ಹೆಚ್ಚುತ್ತದೆ. ಹಾಗಾಗಿ ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಗುಂಡು ಸುರಿಯುತ್ತಿರಲೇಬೇಕು. ಮೇಲ್ಭಾಗದಲ್ಲಿ ತೊಂದರೆ ಉಲ್ಟಾ. ತಣ್ಣನೆಯ, ಸಾಂದ್ರ ನೀರಿನ ಪದರ ಸಿಕ್ಕಾಗ ಪೆಟ್ರೋಲ್ ಇನ್ನೂ ಬೆಚ್ಚಗಿರುತ್ತದೆ, ನೌಕೆ ಇಳಿಯದೆ ನಿಲ್ಲುತ್ತದೆ. ಟ್ರಿಯೆಸ್ಟ್ ಮೊದಲ 200 ಮೀಟರಿನೊಳಗೇ ಹಲವು ಸಲ ಹೀಗೆ ನಿಂತಿತು. ಪ್ರತ್ಯೇಕ ತೊಟ್ಟಿಯ ಪೆಟ್ರೋಲ್ ಹೊರಬಿಟ್ಟು ಮುಂದುವರಿಯಬೇಕಾಯಿತು. ಬಿಟ್ಟ ಪೆಟ್ರೋಲ್ ವಾಪಸ್ ಬರದು, ಸುರಿದ ಗುಂಡೂ ಬರದು. ಇಳಿಯಲು ಒಂದು ಗಂಟು, ಏರಲು ಇನ್ನೊಂದು. ಎರಡರಲ್ಲೂ ಖರ್ಚು ಮಾತ್ರ.

ಇದರಲ್ಲಿ ನನಗೆ ಅತ್ಯಂತ ಹಿಡಿಸುವುದು ಗುಂಡಿನ ಕವಾಟ. ಕವಾಟ ಅಂದರೆ ಕವಾಟವೇ ಇಲ್ಲ! ಗುಂಡು ತುಂಬಿದ ಆಲಿಕೆಯ ಬಾಯಿಗೆ ವಿದ್ಯುತ್ ಸುರುಳಿ. ಕರೆಂಟ್ ಇರುವವರೆಗೆ ಗುಂಡುಗಳು ಒಂದಕ್ಕೊಂದು ಅಂಟಿ ಬಿರಡೆಯಾಗುತ್ತವೆ, ಕರೆಂಟ್ ಹೋದರೆ ಸುರಿಯುತ್ತವೆ. ಬ್ಯಾಟರಿ ಸತ್ತರೆ ನೌಕೆ ತಾನಾಗಿ ಮೇಲೇಳುತ್ತದೆ. ಯಾವ ಆಳದ ನೌಕೆ ಕಂಡರೂ ನಾನು ಮೊದಲು ಕೇಳುವುದು ಇದನ್ನೇ: ಎಲ್ಲ ಕೆಟ್ಟಾಗ ಅದು ಏರುತ್ತದೋ, ಇಳಿಯುತ್ತದೋ?

ಇಳಿಯಲು 4 ಗಂಟೆ 47 ನಿಮಿಷ, ತಳದಲ್ಲಿ 20 ನಿಮಿಷ, ಏರಲು 3 ಗಂಟೆ 15 ನಿಮಿಷ. ಸುಮಾರು 9,000 ಮೀಟರಿನಲ್ಲಿ ‘ಢಬ್’ ಎಂದು ಬಿರುಕು ಬಿಟ್ಟದ್ದು ಗೋಳದ ಕಿಟಕಿ ಎಂದು ವಿಡಿಯೊಗಳು ಹೇಳುತ್ತವೆ. ಗೋಳದ್ದಾಗಿದ್ದರೆ ಕಥೆ ಹೇಳಲು ಯಾರೂ ಉಳಿಯುತ್ತಿರಲಿಲ್ಲ. ಅದು ಹತ್ತಿ ಇಳಿಯುವ, ಮುಳುಗುವಾಗ ನೀರು ತುಂಬುವ ಸುರಂಗದ್ದು. ಮೇಲೆ ಬಂದ ಮೇಲೆ ಒತ್ತಿದ ಗಾಳಿಯಿಂದ ಆ ನೀರನ್ನು ಹೊರತಳ್ಳಲಾಗದೆ ಒಳಗೇ ಸಿಕ್ಕಿಕೊಳ್ಳುವುದು ನಿಜವಾದ ಭಯ.

ಆಮೇಲೆ 2012ರವರೆಗೆ ಮನುಷ್ಯರು ಅಲ್ಲಿಗೆ ಹೋಗದಿದ್ದುದಕ್ಕೆ ‘ಏನನ್ನೋ ಕಂಡು ಹೆದರಿದರು’ ಎನ್ನುವವರಿಗೆ ಉತ್ತರಿಸಲಾರೆ. ಪೆಟ್ರೋಲ್ ತುಂಬಿದ ನೌಕೆಯನ್ನು ಕ್ರೇನಿನಿಂದ ಎತ್ತಲಾಗದು, ಗುವಾಮ್ ದ್ವೀಪದಿಂದ ದಿನಗಟ್ಟಲೆ ಎಳೆದೊಯ್ಯಬೇಕು, ಅದೂ ಬೆಂಕಿಯ ಭಯದಲ್ಲಿ. ರಾಳದಲ್ಲಿ ಸೂಕ್ಷ್ಮ ಗಾಜಿನ ಗುಳ್ಳೆ ಬೆರೆಸಿದ ಗಟ್ಟಿ ಫೋಮ್ ಪೆಟ್ರೋಲಿನ ಜಾಗಕ್ಕೆ ಬಂದ ಮೇಲೆ ನೌಕೆಗಳು ಚಿಕ್ಕವಾದವು. 2012ರಲ್ಲಿ ಸಿನಿಮಾ ನಿರ್ದೇಶಕ ಜೇಮ್ಸ್ ಕ್ಯಾಮರಾನ್ ಇಳಿದದ್ದು ಅಂಥದ್ದರಲ್ಲೇ.

ಪ್ರಶ್ನೆ: ಪಿಕಾರ್ ತಳದಲ್ಲಿ ಚಪ್ಪಟೆ ಮೀನು ಕಂಡರಂತಲ್ಲ?

ಉತ್ತರ: ನಂಬಬೇಡಿ. ಕ್ಯಾಮೆರಾಕ್ಕೆ ಸಿಕ್ಕ ಅತಿ ಆಳದ ಮೀನು 8,336 ಮೀಟರಿನದು, 2022ರಲ್ಲಿ ಜಪಾನಿನ ಬಳಿ.

ಪ್ರಶ್ನೆ: ಭಾರತದ ಆಳಸಮುದ್ರ ನೌಕೆ ಮತ್ಸ್ಯ-6000 ಚಾಲೆಂಜರ್ ಡೀಪ್‌ಗೆ ಇಳಿಯುವುದು ಯಾವಾಗ?

ಉತ್ತರ: ಹೆಸರಲ್ಲೇ 6,000 ಮೀಟರ್ ಎಂದಿದೆ. 80 ಮಿ.ಮೀ. ಟೈಟೇನಿಯಂ ಮಿಶ್ರಲೋಹದ ಗೋಳ ಅಷ್ಟಕ್ಕೇ.

ಪ್ರಶ್ನೆ: ಕಾರ್ಬನ್ ಫೈಬರ್ ಉಕ್ಕಿಗಿಂತ ಗಟ್ಟಿ ಎನ್ನುತ್ತಾರೆ, ಮತ್ತೆ 2023ರಲ್ಲಿ ಟೈಟಾನಿಕ್ ನೋಡಲು ಇಳಿದ ಟೈಟನ್ ನೌಕೆ ಏಕೆ ಒಡೆಯಿತು?

ಉತ್ತರ: ಎಳೆದಾಗ ಗಟ್ಟಿ. ಸಮುದ್ರ ಎಳೆಯುವುದಿಲ್ಲ, ಅದುಮುತ್ತದೆ. ಪದರಗಳು ಬಿಟ್ಟುಕೊಳ್ಳುತ್ತವೆ, ಪ್ರತಿ ಮುಳುಗಿನ ಗಾಯ ಒಳಗೇ ಉಳಿಯುತ್ತದೆ.

ಪ್ರಶ್ನೆ: ಟ್ರಿಯೆಸ್ಟ್‌ನವರು ನಿಲ್ಲದೆ ಮೇಲೆ ಬಂದರೂ ಬೆಂಡ್ಸ್ (ಒತ್ತಡ ಬೇಗ ಇಳಿದಾಗ ದೇಹದಲ್ಲಿ ಗಾಳಿಗುಳ್ಳೆ ಕಟ್ಟುವ ತೊಂದರೆ) ಬರಲಿಲ್ಲ. ಹಾಗಾದರೆ ನೇತ್ರಾಣಿಯಲ್ಲಿ ಸ್ಕೂಬಾ ಮುಗಿಸಿ ಅದೇ ಸಂಜೆ ವಿಮಾನ ಹತ್ತಬಹುದೇ?

ಉತ್ತರ: ಗೋಳದೊಳಗೆ ನಮ್ಮ ಮನೆಯಲ್ಲಿರುವಷ್ಟೇ ಒತ್ತಡ, ಸ್ಕೂಬಾದಲ್ಲಿ ಉಸಿರಾಡುವುದು ಸುತ್ತಲಿನ ನೀರಿನ ಒತ್ತಡದ ಗಾಳಿ. ಒಂದೇ ಮುಳುಗಾದರೆ ಕನಿಷ್ಠ 12 ಗಂಟೆ, ಹಲವಾದರೆ 18 ಗಂಟೆ ಕಾಯಿರಿ. ನಾನಾದರೆ 24. ಪ್ರಾಣಾಯಾಮ ಮಾಡಿದರೆ ಬೇಗ ಹಾರಬಹುದು ಎಂದವರ ಫೋನ್ ನಂಬರ್ ಅಳಿಸಿಹಾಕಿ.