ಆರು ತಾಸಿನಲ್ಲಿ ರೋಡ್ಸ್

ಪ್ರಶ್ನೆ: ನಮ್ಮ ಕ್ರೂಸ್ ಹಡಗು ಗ್ರೀಸಿನ ರೋಡ್ಸ್‌ನಲ್ಲಿ ಆರು ತಾಸು ನಿಲ್ಲುತ್ತದೆ. ಟೂರ್ ಬಸ್ಸಿಲ್ಲದೆ ನಡೆದೇ ನೋಡಬಹುದೇ? ಅಮ್ಮನಿಗೆ ಮೊಣಕಾಲು ನೋವಿದೆ.

ಉತ್ತರ: ಧಾರಾಳವಾಗಿ. ಹಡಗುಕಟ್ಟೆಯ ಎದುರಿಗೇ ಹಳೇ ಪಟ್ಟಣದ ಕೋಟೆಗೋಡೆ. ಕಷ್ಟವೆಲ್ಲ ದೂರದ್ದಲ್ಲ, ನೆಲದ್ದು. ಓಣಿಗಳಿಗೆ ಕಡಲಿನ ಉರುಟು ಕಲ್ಲುಗಳನ್ನು ಒತ್ತೊತ್ತಾಗಿ ನೆಟ್ಟಿದ್ದಾರೆ. ತೆಳು ಅಟ್ಟೆಯ ಚಪ್ಪಲಿಯಲ್ಲಿ ಒಂದೊಂದು ಕಲ್ಲೂ ಪಾದಕ್ಕೆ ಒತ್ತುತ್ತದೆ, ಸವೆದು ನುಣುಪಾದ ಕಡೆ ಮಳೆ ಬಿದ್ದರೆ ಜಾರುತ್ತದೆ. ದಪ್ಪ ರಬ್ಬರ್ ಅಟ್ಟೆಯ ಶೂ ಇರಲಿ.

ಮೊದಲು ನೈಟ್‌ಗಳ (ಮಧ್ಯಯುಗದಲ್ಲಿ ಈ ದ್ವೀಪವನ್ನು ಆಳಿದ ಕ್ರೈಸ್ತ ಯೋಧರು) ಹಳೇ ಆಸ್ಪತ್ರೆಯಲ್ಲಿರುವ ಪುರಾತತ್ವ ಮ್ಯೂಸಿಯಂ. ಅದರ ಪಕ್ಕದಿಂದಲೇ ನೈಟ್‌ಗಳ ಬೀದಿ ಏರುತ್ತದೆ, ಏರು ಸಣ್ಣದೇ. ತುದಿಯಲ್ಲಿ ಅವರ ಮುಖ್ಯಸ್ಥ ಗ್ರ್ಯಾಂಡ್ ಮಾಸ್ಟರ್‌ನ ಅರಮನೆ. ಇಳಿಯುವಾಗಲೇ ಮೊಣಕಾಲಿಗೆ ಹೆಚ್ಚು ಭಾರ, ಆದ್ದರಿಂದ ಅಮ್ಮನವರಿಗೆ ಕೋಲು ಕೊಡಿ. ಸಾಕ್ರಟೀಸ್ ಬೀದಿಯ ಅಂಗಡಿಗಳನ್ನು ನೋಡುತ್ತಾ ಹಿಪ್ಪೋಕ್ರಟಿಸ್ ಚೌಕಕ್ಕೆ ಇಳಿದರೆ ಬಂದರು ಹತ್ತಿರ.

ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲೊಂದಾದ ದೈತ್ಯ ವಿಗ್ರಹ ಕೊಲಾಸಸ್ ಹುಡುಕಬೇಡಿ. ಕ್ರಿ.ಪೂ. 226ರ ಭೂಕಂಪದಲ್ಲಿ ಬಿದ್ದ ಆ ಕಂಚಿನ ವಿಗ್ರಹದ ಚೂರೂ ಉಳಿದಿಲ್ಲ. ಮಂದ್ರಾಕಿ ಎಂಬ ಹಳೇ ಬಂದರಿನ ಜಿಂಕೆ ಕಂಬಗಳ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ, ಆದರೆ ವಿಗ್ರಹ ಅಲ್ಲೇ ನಿಂತಿತ್ತೆಂಬುದು ಬರೀ ಐತಿಹ್ಯ. ಗುಡ್ಡದ ಮೇಲಿನ ಪ್ರಾಚೀನ ಕ್ರೀಡಾಂಗಣಕ್ಕೆ ಟ್ಯಾಕ್ಸಿಯೇ ಸರಿ.

ಎರಡು ಎಚ್ಚರ: ಹಡಗಿನ ಗಡಿಯಾರ ಊರಿನದಕ್ಕಿಂತ ಬೇರೆ ಇರಬಹುದು, ಹಡಗು ಹೊರಡುವ ವೇಳೆ ನೋಡಬೇಡಿ, ಹತ್ತಲು ಕೊಟ್ಟ ಕಡೇ ಗಡುವು ನೋಡಿ. ಭಾರತದ ಪಾಸ್‌ಪೋರ್ಟ್‌ನವರು ನಡುವೆ ಟರ್ಕಿಗೆ ಹೋಗಿ ಮತ್ತೆ ಗ್ರೀಸಿಗೆ ಬರುವುದಿದ್ದರೆ ಹಲವು ಬಾರಿ ಪ್ರವೇಶವಿರುವ ಷೆಂಗೆನ್ ವೀಸಾ (ಗ್ರೀಸ್ ಸೇರಿ ಯೂರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಬೇಕು.