ಸಬ್‌ಡೊಮೇನ್ ತೆರೆದರೆ ಮುಖ್ಯ ಸೈಟೇ ಯಾಕೆ ಬರುತ್ತದೆ?

ಪ್ರಶ್ನೆ: ಒಂದೇ ಸರ್ವರ್‌ನಲ್ಲಿ ನನ್ನ ಸೈಟ್ ಚೆನ್ನಾಗಿ ನಡೆಯುತ್ತಿದೆ. ಅದೇ ಡೊಮೇನ್‌ಗೆ 'ಬ್ಲಾಗ್' ಅಂತ ಸಬ್‌ಡೊಮೇನ್ ಸೇರಿಸಿ ಅದೇ ಐಪಿ ಕೊಟ್ಟೆ. ತೆರೆದರೆ ಮುಖ್ಯ ಸೈಟೇ ಬರುತ್ತದೆ. ಡಿಎನ್‌ಎಸ್‌ನಲ್ಲಿ ಏನು ತಪ್ಪಾಗಿದೆ?

ಉತ್ತರ: ಡಿಎನ್‌ಎಸ್‌ನಲ್ಲಿ ಏನೂ ತಪ್ಪಾಗಿಲ್ಲ, ಅದನ್ನು ಮುಟ್ಟಬೇಡಿ. ಹೆಸರಿಗೆ ಯಾವ ಐಪಿ ಅಂತ ಹೇಳುವುದಷ್ಟೇ ಅದರ ಕೆಲಸ. ಹೆಸರು ನಿಮ್ಮ ಸರ್ವರ್‌ವರೆಗೆ ಬಂತು, ಅಲ್ಲಿಗೆ ಡಿಎನ್‌ಎಸ್ ಕೆಲಸ ಮುಗಿಯಿತು. ಯಾವ ಫೋಲ್ಡರ್‌ನಲ್ಲಿ ಯಾವ ಸೈಟ್ ಇದೆ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ಮುಂದಿನದು ಸರ್ವರ್ ಕೆಲಸ. ಬ್ರೌಸರ್ ತಾನು ಹುಡುಕಿಕೊಂಡು ಬಂದ ಹೆಸರನ್ನು 'ಹೋಸ್ಟ್' ಹೆಡರ್‌ನಲ್ಲಿ ಸೇರಿಸಿ ಕಳಿಸುತ್ತದೆ, ಒಂದೇ ಐಪಿಯಲ್ಲಿ ಹತ್ತಾರು ಸೈಟ್ ನಡೆಯುವುದೇ ಅದರಿಂದ. ನಿಮ್ಮ ವೆಬ್ ಸರ್ವರ್ ತಂತ್ರಾಂಶ ಅಪಾಚೆ ಆದರೆ ಬ್ಲಾಗ್‌ಗೆ ಬೇರೆ ವರ್ಚುವಲ್ ಹೋಸ್ಟ್, ಎಂಜಿನ್‌ಎಕ್ಸ್ ಆದರೆ ಬೇರೆ ಸರ್ವರ್ ಬ್ಲಾಕ್ (ಎರಡೂ ಅಂದರೆ ಆ ಸೈಟಿನದೇ ಸೆಟ್ಟಿಂಗ್‌ಗಳ ಭಾಗ) ಬರೆದು, ಸರ್ವರ್ ನೇಮ್ ಸಾಲಿನಲ್ಲಿ ಪೂರ್ತಿ ಹೆಸರು ಕೊಡಿ. ಹೊಂದುವ ಹೆಸರು ಸಿಗದಿದ್ದರೆ ಇವೆರಡೂ ಸುಮ್ನೆ ಆ ಪೋರ್ಟ್‌ನ ಮೊದಲ ಬ್ಲಾಕನ್ನೇ ತೋರಿಸುತ್ತವೆ. ನಿಮಗೆ ಕಾಣುತ್ತಿರುವುದು ಅದೇ.

ಎಚ್‌ಟಿಟಿಪಿಯ 80ನೇ ಪೋರ್ಟ್‌ಗೆ ಬರೆದು ಎಚ್‌ಟಿಟಿಪಿಎಸ್‌ನ 443 ಮರೆಯುವವರು ಜಾಸ್ತಿ. ಆಗ ಎಚ್‌ಟಿಟಿಪಿಎಸ್‌ನಲ್ಲಿ ಮತ್ತೆ ಮುಖ್ಯ ಸೈಟಿನ ಬ್ಲಾಕೇ ಸಿಗುತ್ತದೆ, ಜೊತೆಗೆ ಸರ್ಟಿಫಿಕೇಟ್ ಹೆಸರು ಹೊಂದುತ್ತಿಲ್ಲ ಅನ್ನುವ ಎಚ್ಚರಿಕೆಯೂ ಬರಬಹುದು. ನನ್ನ ಸಲಹೆ ಕೇಳಿದರೆ, ಮೊದಲ ಬ್ಲಾಕನ್ನು ಯಾವ ಸೈಟಿಗೂ ಕೊಡಬೇಡಿ. ಗೊತ್ತಿಲ್ಲದ ಹೆಸರು ಬಂದರೆ 404 ಹೇಳುವ ಖಾಲಿ ಬ್ಲಾಕ್ ಅಲ್ಲಿರಲಿ, ತಪ್ಪು ತಕ್ಷಣ ಗೊತ್ತಾಗುತ್ತದೆ. ಕಾನ್ಫಿಗ್ ಪರೀಕ್ಷೆ ಮಾಡಿ, ಆಮೇಲೆ ರೀಲೋಡ್ ಮಾಡಿ.

ಪ್ರಶ್ನೆ: ಸಬ್‌ಡೊಮೇನ್‌ಗೆ ಎ ರೆಕಾರ್ಡ್ ಒಳ್ಳೆಯದಾ, ಸಿ-ನೇಮ್ ಒಳ್ಳೆಯದಾ?

ಉತ್ತರ: ಎ ರೆಕಾರ್ಡ್ ಹೆಸರಿಗೆ ನೇರವಾಗಿ ಐಪಿ ಕೊಡುತ್ತದೆ, ಸಿ-ನೇಮ್ ಇನ್ನೊಂದು ಹೆಸರನ್ನು ತೋರಿಸುತ್ತದೆ. ಮೂಲ ಡೊಮೇನ್‌ಗೆ ಎ, ಅದೇ ಸರ್ವರ್‌ನ ಸಬ್‌ಡೊಮೇನ್‌ಗಳಿಗೆ ಮೂಲ ಹೆಸರನ್ನು ತೋರಿಸುವ ಸಿ-ನೇಮ್. ನಾಳೆ ಐಪಿ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು. ಸಿ-ನೇಮ್ ಇರುವ ಹೆಸರಿನಲ್ಲಿ ಬೇರೆ ರೆಕಾರ್ಡ್ ಇರುವಂತಿಲ್ಲ, ಮೂಲ ಡೊಮೇನ್‌ನಲ್ಲಿ ಎನ್‌ಎಸ್ (ನೇಮ್‌ಸರ್ವರ್ ಯಾವುದು ಅನ್ನುವ ರೆಕಾರ್ಡ್) ಮತ್ತು ಎಸ್‌ಒಎ (ಡೊಮೇನ್‌ನ ಮೂಲ ವಿವರಗಳ ರೆಕಾರ್ಡ್) ಇರಲೇಬೇಕು, ಹಾಗಾಗಿ ಅಲ್ಲಿ ಸಿ-ನೇಮ್ ಹಾಕಲು ಬರುವುದಿಲ್ಲ. ಹೊಸ ಬಗೆಯ ಐಪಿ ವಿಳಾಸವಾದ ಐಪಿವಿ6ಗೆ ಹಳೆಯ ಎಎಎಎ ರೆಕಾರ್ಡ್ ಉಳಿದಿದೆಯಾ ಅಂತಲೂ ನೋಡಿ, ಕೆಲವರಿಗೆ ಮಾತ್ರ ಹಳೆ ಸೈಟ್ ಕಾಣುತ್ತಿದ್ದರೆ ಅನುಮಾನ ಮೊದಲು ಅದರ ಮೇಲೆಯೇ ಇರಲಿ. ಇನ್ನೊಂದು ಮಾತು ದಯವಿಟ್ಟು ನೆನಪಿಡಿ: ಹೊರಗಿನ ಯಾವುದಾದರೂ ಸೇವೆಗೆ ಸಿ-ನೇಮ್ ಕೊಟ್ಟಿದ್ದರೆ, ಆ ಸೇವೆ ಬಿಡುವ ಮೊದಲು ರೆಕಾರ್ಡ್ ಅಳಿಸಿ. ಇಲ್ಲದಿದ್ದರೆ ಬಿಟ್ಟುಹೋದ ಜಾಗವನ್ನು ಬೇರೆ ಯಾರೋ ಹಿಡಿದು ನಿಮ್ಮ ಹೆಸರಿನಲ್ಲೇ ಪುಟ ನಡೆಸಬಹುದು. ಹೀಗೆ ಮೋಸ ಹೋದ ಸಬ್‌ಡೊಮೇನ್‌ಗಳು ಬೇಕಾದಷ್ಟಿವೆ.

ಪ್ರಶ್ನೆ: ರೆಕಾರ್ಡ್ ಹಾಕಿ ಗಂಟೆಯಾಯಿತು, ಇನ್ನೂ 'ಸಿಗುತ್ತಿಲ್ಲ' ಅನ್ನುತ್ತಿದೆ. 48 ಗಂಟೆ ಕಾಯಬೇಕಾ?

ಉತ್ತರ: ಎಲ್ಲದಕ್ಕೂ 48 ಗಂಟೆ ಅನ್ನುವುದನ್ನು ನಂಬಬೇಡಿ. ಎಷ್ಟು ಹೊತ್ತು ಅನ್ನುವುದನ್ನು ಟಿಟಿಎಲ್ (ಉತ್ತರವನ್ನು ಎಷ್ಟು ಹೊತ್ತು ಕ್ಯಾಶ್‌ನಲ್ಲಿ, ಅಂದರೆ ನೆನಪಿನಲ್ಲಿ, ಇಟ್ಟುಕೊಳ್ಳಬಹುದು ಅನ್ನುವ ಅವಧಿ) ಹೇಳುತ್ತದೆ, ಅದು ಸೆಕೆಂಡುಗಳ ಲೆಕ್ಕ. 3600 ಅಂದರೆ ಒಂದು ಗಂಟೆ, 86400 ಅಂದರೆ ಒಂದು ದಿನ. ಬದಲಾವಣೆ ಮಾಡುವ ಒಂದು ದಿನ ಮೊದಲೇ 300ಕ್ಕೆ ಇಳಿಸಿಡಿ. ರೆಕಾರ್ಡ್ ಹಾಕುವ ಮುಂಚೆಯೇ ಆ ಹೆಸರನ್ನು ಬ್ರೌಸರ್‌ನಲ್ಲಿ ತೆರೆದು ನೋಡಿದ್ದಿರಿ ಅಲ್ವಾ? ಹಾಗಿದ್ದರೆ 'ಇಲ್ಲ' ಅನ್ನುವ ಉತ್ತರವೂ ಕ್ಯಾಶ್ ಆಗಿರುತ್ತದೆ, ಅದರ ಅವಧಿ ಎಸ್‌ಒಎ ರೆಕಾರ್ಡ್‌ನಲ್ಲಿದೆ. 'ಡಿಗ್' ಕಮಾಂಡ್‌ನಿಂದ ನಿಮ್ಮ ನೇಮ್‌ಸರ್ವರನ್ನೇ ನೇರವಾಗಿ ಕೇಳಿ. ಅಲ್ಲಿ ಸರಿಯಾದ ಐಪಿ ಬಂದರೆ ಕಾಯುವುದೊಂದೇ ಬಾಕಿ, ಬರದಿದ್ದರೆ ಎಷ್ಟು ಕಾದರೂ ಬರುವುದಿಲ್ಲ.

ಪ್ರಶ್ನೆ: ಎಲ್ಲ ಸಬ್‌ಡೊಮೇನ್‌ಗಳಿಗೂ ಒಂದೇ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ಸಾಕಾ?

ಉತ್ತರ: ವೈಲ್ಡ್‌ಕಾರ್ಡ್ ಅಂದರೆ ಸಬ್‌ಡೊಮೇನ್ ಹೆಸರಿನ ಜಾಗದಲ್ಲಿ ನಕ್ಷತ್ರ ಚಿಹ್ನೆ ಇರುವ ಸರ್ಟಿಫಿಕೇಟ್. ಒಂದು ಹಂತಕ್ಕೆ ಅದು ಸಾಕು. ಸಬ್‌ಡೊಮೇನ್‌ನ ಒಳಗಿನ ಸಬ್‌ಡೊಮೇನ್‌ಗೆ ಅದು ನಡೆಯುವುದಿಲ್ಲ, ಮೂಲ ಡೊಮೇನ್ ಹೆಸರನ್ನೂ ಬೇರೆಯಾಗಿ ಸೇರಿಸಬೇಕು. ಲೆಟ್ಸ್ ಎನ್‌ಕ್ರಿಪ್ಟ್ 2018ರಿಂದ ಇದನ್ನು ಉಚಿತವಾಗಿ ಕೊಡುತ್ತಿದೆ, ಆದರೆ ಡಿಎನ್‌ಎಸ್‌ನಲ್ಲಿ ಟಿಎಕ್ಸ್‌ಟಿ ರೆಕಾರ್ಡ್ ಹಾಕಿ ಡೊಮೇನ್ ನಿಮ್ಮದೇ ಅಂತ ತೋರಿಸಬೇಕು. ಮೂರೋ ನಾಲ್ಕೋ ಸಬ್‌ಡೊಮೇನ್ ಇದ್ದರೆ ಆ ಹೆಸರುಗಳನ್ನೆಲ್ಲ ಒಂದೇ ಸಾಮಾನ್ಯ ಸರ್ಟಿಫಿಕೇಟ್‌ನಲ್ಲಿ ಸೇರಿಸಿಬಿಡಿ, ನವೀಕರಣವೂ ಸುಲಭ.