ಮನಸ್ಸು ಓಡಿದ್ದು ಗೊತ್ತಾದ ಗಳಿಗೆ

ಶಿವಮೊಗ್ಗದ ಓದುಗರೊಬ್ಬರ ಪತ್ರದ ಸಾರ ಹೀಗಿದೆ: “ಮೂರು ವಾರದಿಂದ ದಿನಾ ಬೆಳಿಗ್ಗೆ ಆರಕ್ಕೆ ದೇವರ ಕೋಣೆಯಲ್ಲಿ ಮಣೆ ಹಾಕಿಕೊಂಡು, ಉಸಿರನ್ನು ಗಮನಿಸುತ್ತ ಅರ್ಧ ಗಂಟೆ ಕೂರುತ್ತಿದ್ದೇನೆ. ಎರಡು ನಿಮಿಷ ಕಳೆಯುವಷ್ಟರಲ್ಲಿ ಮನಸ್ಸು ಹಾಲಿನವನ ಲೆಕ್ಕಕ್ಕೋ ಮಗಳ ಮದುವೆಗೋ ಹೋಗಿರುತ್ತದೆ. ಆರೂಕಾಲಿಗೆ ಮೇಲಿನ ಮನೆಯ ಮಿಕ್ಸಿ ಶುರುವಾಗುತ್ತದೆ. ಎಡಗಾಲು ಜೋಮು ಹಿಡಿಯುತ್ತದೆ. ಮಧ್ಯಾಹ್ನ ಕೂತರೆ ತೂಕಡಿಕೆ. ಹೋದ ವಾರ ಕೂತಿದ್ದಾಗ ಅಳು ಒತ್ತರಿಸಿ ಬಂದು ಎದ್ದುಬಿಟ್ಟೆ. ನನಗೆ ಧ್ಯಾನ ಒಗ್ಗುವುದಿಲ್ಲವೇನೋ. ಬಿಡಲೇ?”

ಅಮ್ಮಾ, ಬಿಡಬೇಡಿ. ಆದರೆ ಈಗ ಕೂರುತ್ತಿರುವ ರೀತಿಯನ್ನು ಸ್ವಲ್ಪ ಬದಲಿಸಿಕೊಳ್ಳಿ.

ಮನಸ್ಸು ಹಾಲಿನ ಲೆಕ್ಕಕ್ಕೆ “ಹೋಗಿರುತ್ತದೆ” ಎಂದು ಬರೆದಿದ್ದೀರಿ. ಹೋಗಿದ್ದು ನಿಮಗೆ ಹೇಗೆ ತಿಳಿಯಿತು? ತಿಂಗಳ ಹಿಂದೆಯೂ ಅದು ದಿನವಿಡೀ ಹೀಗೆಯೇ ಓಡಾಡುತ್ತಿತ್ತು, ನೀವು ಕಂಡಿರಲಿಲ್ಲ ಅಷ್ಟೆ. ಈಗ ಕಾಣುತ್ತಿದೆ. ಈ ಧ್ಯಾನದಲ್ಲಿ ಬೆಳೆಸುವ ಎಚ್ಚರಕ್ಕೆ ಬೌದ್ಧ ಗ್ರಂಥಗಳ ಪಾಲಿ ಭಾಷೆಯಲ್ಲಿರುವ ಹೆಸರು ‘ಸತಿ’. ಸಂಸ್ಕೃತದ ‘ಸ್ಮೃತಿ’ಯೇ ಅದು, ಅಂದರೆ ನೆನಪು. ಉಸಿರಿನ ಜೊತೆ ಇರಬೇಕೆಂದು ಕೂತದ್ದು ಮರೆತುಹೋಗಿ, “ಅಯ್ಯೋ, ಎಲ್ಲೋ ಹೋಗಿದ್ದೆನಲ್ಲ” ಎಂದು ನೆನಪಾಗುವ ಗಳಿಗೆ ಇದೆಯಲ್ಲ, ಧ್ಯಾನ ನಡೆಯುವುದೇ ಅಲ್ಲಿ. ಅರ್ಧ ಗಂಟೆಯಲ್ಲಿ ನಲವತ್ತು ಸಲ ಓಡಿದ ಮನಸ್ಸು ನಲವತ್ತು ಸಲ ನೆನಪಿಗೆ ಬಂದಿದ್ದರೆ ಅಂದಿನ ಅಭ್ಯಾಸ ಚೆನ್ನಾಗಿಯೇ ಆಗಿದೆ. ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನ, ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟು ಕಷ್ಟ ಎಂದಾಗ ಕೃಷ್ಣ ಅವನನ್ನು ಗದರುವುದಿಲ್ಲ. ಸಂಶಯವೇ ಇಲ್ಲ ಎಂದು ಮೊದಲು ಒಪ್ಪಿಕೊಳ್ಳುತ್ತಾನೆ, ಆಮೇಲೆ ಅಭ್ಯಾಸದ ಮಾತು ಎತ್ತುತ್ತಾನೆ.

ಮರಳಿ ಬಂದ ಮನಸ್ಸನ್ನು ಬೈಯಬೇಡಿ. ಶುರುವಿನಲ್ಲಿ ನಾನೂ ತಿಂಗಳುಗಟ್ಟಲೆ ಬೈಯುತ್ತಿದ್ದೆ. ಹಾಗೆ ಬೈಯುತ್ತ ಕೂತರೆ ಮನೆಗೆ ಬಂದ ಮಗುವನ್ನು ಹೊಸಿಲಲ್ಲೇ ಹೊಡೆದಂತಾಗುತ್ತದೆ, ನಾಳೆ ಅದು ಇನ್ನೂ ತಡವಾಗಿ ಬರುತ್ತದೆ.

ಮಿಕ್ಸಿಯ ವಿಷಯಕ್ಕೆ ಬರುತ್ತೇನೆ. ಬರ್ಮಾದ ಬೌದ್ಧ ಭಿಕ್ಷು ಮಹಾಸಿ ಸಯಾಡೊ (1904–1982) ಕಲಿಸಿದ ಕ್ರಮ ಇಲ್ಲಿ ಬಹಳ ಉಪಕಾರಿ. ಉಸಿರಿಗೆ ಹೊಟ್ಟೆ ಉಬ್ಬುವುದನ್ನು, ಇಳಿಯುವುದನ್ನು ಗಮನಿಸುತ್ತಿರಬೇಕು. ಶಬ್ದ ಬಂದರೆ ಅದನ್ನು ತಳ್ಳದೆ “ಕೇಳುತ್ತಿದೆ, ಕೇಳುತ್ತಿದೆ” ಎಂದು ಒಳಗೇ ಮೆಲ್ಲಗೆ ಅಂದುಕೊಂಡು ಮತ್ತೆ ಹೊಟ್ಟೆಗೆ ಬರಬೇಕು. ಹೀಗೆ ಕೆಲವು ದಿನ ಮಾಡಿದರೆ ಶಬ್ದ ಬೇರೆ, “ಇಷ್ಟು ಬೆಳಿಗ್ಗೆ ಇವರಿಗೇನು ಅವಸರ” ಎಂಬ ಸಿಟ್ಟು ಬೇರೆ ಎಂದು ಕಾಣತೊಡಗುತ್ತದೆ. ಬುದ್ಧ ಇದಕ್ಕೆ ಎರಡು ಬಾಣಗಳ ಹೋಲಿಕೆ ಕೊಟ್ಟಿದ್ದಾನೆ. ಮೈಗೆ ನಾಟುವ ನೋವು ಒಂದು ಬಾಣ. ಅದರ ಬಗ್ಗೆ ಮನಸ್ಸು ಪಡುವ ಸಂಕಟ, ಅದರ ಬೆನ್ನಿಗೇ ಬಂದು ಚುಚ್ಚುವ ಇನ್ನೊಂದು ಬಾಣ. ಮಿಕ್ಸಿ ಐದು ನಿಮಿಷಕ್ಕೆ ನಿಂತರೂ ಸಿಟ್ಟು ತಿಂಡಿಯ ಹೊತ್ತಿನವರೆಗೆ ಉಳಿಯುವುದನ್ನು ನೀವೇ ನೋಡಿರುತ್ತೀರಿ.

ಕಾಲಿನ ಜೋಮನ್ನು ಮಾತ್ರ ಹಲ್ಲುಕಚ್ಚಿ ಸಹಿಸಬೇಡಿ. ಒಂದೇ ಭಂಗಿಯಲ್ಲಿ ಕೂತಾಗ ನರದ ಮೇಲೆ ಒತ್ತಡ ಬಿದ್ದು ಜೋಮು ಹಿಡಿಯುತ್ತದೆ, ಭಂಗಿ ಬದಲಿಸಿದರೆ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಬಿಡುತ್ತದೆ. ನಿಮ್ಮ ಮಣೆ ತಗ್ಗಾಯಿತೆಂದು ತೋರುತ್ತದೆ. ಗಟ್ಟಿ ದಿಂಬನ್ನೋ ನಾಲ್ಕು ಮಡಿಕೆ ಮಾಡಿದ ಜಮಖಾನವನ್ನೋ ಹಾಕಿಕೊಂಡು, ಮಂಡಿಗಳು ಸೊಂಟಕ್ಕಿಂತ ಕೆಳಗೆ ಬರುವಷ್ಟು ಎತ್ತರದಲ್ಲಿ ಕೂರಿ. ಅದೂ ಆಗದಿದ್ದರೆ ಊಟದ ಮೇಜಿನ ಕುರ್ಚಿ ಸಾಕು, ಪಾದ ಎರಡೂ ನೆಲಕ್ಕೆ ಊರಿರಲಿ. ತೊಡೆ, ಬೆನ್ನಿನ ಸಣ್ಣ ಸೆಳೆತವನ್ನು ಸ್ವಲ್ಪ ಹೊತ್ತು ನೋಡಬಹುದು: ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ, ಏರುತ್ತಿದೆಯೋ ಇಳಿಯುತ್ತಿದೆಯೋ. ಮಂಡಿಯ ಕೀಲಿನಲ್ಲಿ ಚುಚ್ಚಿದಂತಾದರೆ ಆ ಕೂಡಲೇ ಕಾಲು ಚಾಚಿ. ಮರಗಟ್ಟಿದ ಕಾಲಿನಲ್ಲಿ ದಡಕ್ಕನೆ ಎದ್ದು ಪಾದ ಉಳುಕಿಸಿಕೊಂಡವರನ್ನು ನಾನು ಕಂಡಿದ್ದೇನೆ, ಸಕ್ಕರೆ ಕಾಯಿಲೆ ಇದ್ದರಂತೂ ಇನ್ನೂ ಜೋಪಾನ. ವಿಪಶ್ಯನ ಎಂಬ ಬೌದ್ಧ ಧ್ಯಾನಕ್ರಮದ ಹತ್ತು ದಿನದ ಶಿಬಿರಗಳಲ್ಲಿ ಒಂದು ಗಂಟೆ ಅಲುಗಾಡದೆ ಕೂರುವ ‘ಅಧಿಷ್ಠಾನ’ ಇದೆ ನಿಜ. ಆದರೆ ಅದು ಬರುವುದು ಮೊದಲ ಮೂರು ದಿನ ಬರೀ ಉಸಿರನ್ನೇ ನೋಡಿದ ಮೇಲೆ, ಅದೂ ಆಚಾರ್ಯರ ಕಣ್ಣೆದುರಿಗೆ. ಮನೆಯಲ್ಲಿ ಒಬ್ಬರೇ ಇರುವಾಗ ಅದನ್ನು ಅನುಕರಿಸುವ ಅಗತ್ಯ ನನಗೆ ಕಾಣುವುದಿಲ್ಲ.

ತೂಕಡಿಕೆಗೆ ನಾಚಬೇಡಿ. ಬುದ್ಧನ ಪ್ರಧಾನ ಶಿಷ್ಯರಲ್ಲೊಬ್ಬನಾದ ಮೊಗ್ಗಲ್ಲಾನನೂ ತೂಕಡಿಸಿದ್ದ. ಕಿವಿ ಎಳೆದುಕೋ, ಕೈಕಾಲು ಉಜ್ಜಿಕೋ, ಕಣ್ಣಿಗೆ ನೀರು ಹಾಕಿಕೋ, ಆಕಾಶ ನೋಡು, ಎದ್ದು ನಡೆದಾಡು ಎಂದು ಬುದ್ಧ ಒಂದೊಂದಾಗಿ ಹೇಳುತ್ತಾನೆ. ಯಾವುದಕ್ಕೂ ನಿದ್ದೆ ಬಗ್ಗದಿದ್ದರೆ ಬಲಮಗ್ಗುಲಾಗಿ ಮಲಗು ಎನ್ನುತ್ತಾನೆ. ಊಟವಾದ ಮೇಲೆ ಕೂರುವುದನ್ನು ನೀವು ಬಿಟ್ಟರೆ ಅರ್ಧ ತೊಂದರೆ ಕಳೆಯುತ್ತದೆ.

ಇನ್ನು ಆ ಅಳು. ಪತ್ರದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ನಾನು ಮಾತ್ರ ಆ ಸಾಲನ್ನು ಮತ್ತೆ ಮತ್ತೆ ಓದಿದೆ. ದಿನವಿಡೀ ಕೆಲಸದಲ್ಲಿ ಮುಳುಗಿದವರು ಸುಮ್ಮನೆ ಕೂತಾಗ, ಅಷ್ಟು ದಿನ ಬದಿಗೊತ್ತಿದ ದುಃಖ ಮೇಲೆ ಬರುವುದುಂಟು. ಅದು ಬಂದದ್ದು ತಪ್ಪಲ್ಲ, ನೀವು ಎದ್ದುಹೋದದ್ದೂ ತಪ್ಪಲ್ಲ. ಮುಂದೆ ಹಾಗಾದರೆ ಕಣ್ಣು ತೆರೆಯಿರಿ. ದೀಪವನ್ನೋ ಗೋಡೆಯನ್ನೋ ನೋಡುತ್ತ, ಅಂಗಾಲಿಗೆ ತಾಗುವ ನೆಲದ ತಂಪಿಗೆ ಗಮನ ಕೊಡಿ. ಅಳು ಬಂದರೆ ಬರಲಿ. ಕೂರಲಾಗದಿದ್ದರೆ ಅಂಗಳದಲ್ಲಿ ಹೆಜ್ಜೆ ಎತ್ತುವುದನ್ನು, ಊರುವುದನ್ನು ಗಮನಿಸುತ್ತ ನಿಧಾನವಾಗಿ ನಡೆಯಿರಿ. ಅದೂ ಪೂರ್ಣ ಧ್ಯಾನವೇ. ಆದರೆ ಕೂತಾಗಲೆಲ್ಲ ಎದೆ ಹೊಡೆದುಕೊಂಡು ಭಯವಾದರೆ, ಹಳೆಯ ಆಘಾತವೊಂದು ಕಣ್ಣೆದುರು ಬರುತ್ತಿದ್ದರೆ, ರಾತ್ರಿ ನಿದ್ದೆ ಕೆಟ್ಟರೆ, ಸದ್ಯಕ್ಕೆ ಧ್ಯಾನ ನಿಲ್ಲಿಸಿ ವೈದ್ಯರಲ್ಲಿ ಮಾತಾಡಿ. 2022ರಲ್ಲಿ ಶುರುವಾದ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನನ್ನ ಸಲಹೆ ಇಷ್ಟೇ: ಅರ್ಧ ಗಂಟೆಯನ್ನು ಹತ್ತು ನಿಮಿಷಕ್ಕೆ ಇಳಿಸಿ. ಕೂರುವ ಮೊದಲು ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟುಬಿಡಿ. ಮದುವೆಯ ಚಿಂತೆ ಬಂದೇ ಬರುತ್ತದೆ. ಬಂದಾಗ “ಯೋಚನೆ” ಎಂದು ಹೆಸರಿಟ್ಟು ಉಸಿರಿಗೆ ಮರಳಿ. ತಿಂಗಳಾದ ಮೇಲೆ ಮತ್ತೊಂದು ಕಾಗದ ಬರೆಯಿರಿ, ಕಾಲು ಹೇಗಿದೆ ಎಂಬುದನ್ನೂ ಬರೆಯಿರಿ.

— ಸಂಪಾದಕ